ಕಳ್ಳತನವಾದಾಗ ಪೊಲೀಸರು ಕೆಲವು ಸಮುದಾಯದವರನ್ನೇ ಮೊದಲು ಹಿಡಿಯೋದು ಯಾಕೆ?

ಇದಕ್ಕೆ ಒಂದು ದೊಡ್ಡ ಕಾರಣ 1871ರ ಕಾನೂನು. ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಕೆಲವು ಸಮುದಾಯಗಳನ್ನು ಪೂರ್ತಿಯಾಗಿ ಅಪರಾಧಿಗಳೆಂದು ಪಟ್ಟಿ ಮಾಡಿತು. ತಪ್ಪು ಮಾಡಿರಲಿ ಬಿಡಲಿ, ಹುಟ್ಟಿದರೆ ಸಾಕಿತ್ತು! ಹೆಸರು ನೋಂದಾಯಿಸಬೇಕು, ಪೊಲೀಸರಿಗೆ ಹಾಜರಿ ಕೊಡಬೇಕು, ಊರು ಬಿಡಲು ಅನುಮತಿ ಬೇಕು. ಕೊರಚ, ಕೊರಮರಂಥ ಅಲೆಮಾರಿಗಳು ಇದಕ್ಕೆ ಸಿಕ್ಕಿದರು. ಉಪ್ಪು, ದವಸ ಹೊತ್ತು ಊರೂರು ಸುತ್ತಿ ಮಾರುತ್ತಿದ್ದವರು ಅವರು. ರೈಲು ಮತ್ತು ಉಪ್ಪಿನ ಕಾನೂನು ಆ ವ್ಯಾಪಾರವನ್ನು ಕಿತ್ತುಕೊಂಡವು. ಆಮೇಲೆ ಅವರ ತಿರುಗಾಟವೇ ಅನುಮಾನಕ್ಕೆ ಕಾರಣವಾಯಿತು. ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಲು ತಂತಿಬೇಲಿಯ ಸೆಟ್ಲ್‌ಮೆಂಟ್ ಇತ್ತು.

1952ರಲ್ಲಿ ಆ ಕಾನೂನು ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ, ಅಂದರೆ ಪದೇ ಪದೇ ಅಪರಾಧ ಮಾಡುವವರ, ಕಾನೂನುಗಳು ಬಂದವು, ಕರ್ನಾಟಕದಲ್ಲಿ 1961ರಲ್ಲಿ. ಕಾಗದದ ಮೇಲೆ ಇವು ವ್ಯಕ್ತಿಯನ್ನು ನೋಡುತ್ತವೆ, ಜಾತಿಯನ್ನಲ್ಲ. ಅನುಮಾನ ಮಾತ್ರ ಹಳೇ ಜಾಗದಲ್ಲೇ ಉಳಿಯಿತು.

ಅದು ಹೇಗೆ ಬೆಳೆಯುತ್ತೆ ನೋಡಿ. ಒಂದೇ ಕೇರಿಯನ್ನು ಪದೇ ಪದೇ ಜಾಲಾಡಿದರೆ ಕೇಸುಗಳು ಅಲ್ಲೇ ಜಾಸ್ತಿ ಸಿಗುತ್ತವೆ, ಅಲ್ವಾ? ಬೇರೆ ಬಡಾವಣೆಯ ಕಳ್ಳ ದಾಖಲೆಗೇ ಬರಲ್ಲ. ಆಮೇಲೆ ಅದೇ ದಾಖಲೆ ತೋರಿಸಿ ಮತ್ತೆ ಅದೇ ಕೇರಿಗೆ ಹೋಗುತ್ತಾರೆ. ಸುಮ್ನೆ ಹಿಡಿದುಕೊಂಡು ಹೋದವನಿಗೆ ಜಾಮೀನಿಗೆ ನಿಲ್ಲುವವರಿಲ್ಲ, ವಕೀಲರಿಗೆ ದುಡ್ಡಿಲ್ಲ. ಒಳಗಿದ್ದಷ್ಟು ದಿನ ಕೂಲಿಯೂ ಹೋಯಿತು. ನನಗೆ ಅತ್ಯಂತ ಅನ್ಯಾಯ ಅನ್ನಿಸೋದು ಇದೇ.

ಜೈಲಿನೊಳಗೂ ಇದು ಬಿಟ್ಟಿರಲಿಲ್ಲ. ಕೆಲವು ರಾಜ್ಯಗಳ ಕೈಪಿಡಿಗಳು ಜಾತಿ ನೋಡಿ ಕಸ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುತ್ತಿದ್ದವು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದಿತು. ಈ ಸಮುದಾಯಗಳವರನ್ನು ಮನಬಂದಂತೆ ಬಂಧಿಸಬೇಡಿ ಎಂದು ಪೊಲೀಸರಿಗೂ ಹೇಳಿತು.