ಬೋಣಿಯ ಹೊತ್ತಿನಲ್ಲಿ ಸಾಲವಿಲ್ಲ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರದ ಸಾರಾಂಶ: ‘ಎಂ.ಬಿ.ಎ. ಮುಗಿಸಿದ ನಾನೂ ನನ್ನ ಗೆಳೆಯನೂ ವಿದ್ಯಾನಗರದ ಒಂದು ಕೋಣೆಯಲ್ಲಿ ಮಾರ್ಕೆಟಿಂಗ್ ಏಜೆನ್ಸಿ ತೆರೆದು ಕೆಲವು ತಿಂಗಳಾದವು. ಹೋದಲ್ಲೆಲ್ಲ ಎದುರಾಗುವುದು ಒಂದೇ ಪ್ರಶ್ನೆ: ಈ ಮೊದಲು ಯಾರಿಗೆ ಮಾಡಿಕೊಟ್ಟಿದ್ದೀರಿ? ಒಂದು ದೊಡ್ಡ ಆಸ್ಪತ್ರೆಯವರು ಮೂರು ತಿಂಗಳು ಪುಕ್ಕಟೆ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದಾರೆ. ಹೆಸರಾದರೂ ಬರುತ್ತದೆ, ಒಪ್ಪಿಕೊಳ್ಳೋಣ ಎಂದು ಗೆಳೆಯ ಹೇಳುತ್ತಾನೆ. ನನಗೆ ಮನಸ್ಸಿಲ್ಲ, ಆದರೆ ಬೇರೆ ದಾರಿ ತೋಚದು. ಕೆಲಸ ಮಾಡದ ಕಂಪನಿಗಳ ಲಾಂಛನಗಳನ್ನು ವೆಬ್‌ಸೈಟಿಗೆ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಬೆಂಗಳೂರಿಗೆ ಹೋಗಿಬಿಡಬೇಕೆ?’

ಸಂಪಾದಕರ ಉತ್ತರ:

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೈಕಟ್ಟಿ ಕುಳಿತಿರುವುದಕ್ಕಿಂತ ಏನನ್ನಾದರೂ ಮಾಡುತ್ತಿರುವುದು ಮೇಲು, ದೊಡ್ಡ ಹೆಸರೊಂದು ಪಟ್ಟಿಯಲ್ಲಿದ್ದರೆ ಮುಂದಿನ ಮಾತುಕತೆ ತುಸು ಸುಲಭವಾಗುತ್ತದೆ ಎಂಬುದೂ ನಿಜವೇ. ಅಷ್ಟನ್ನು ಒಪ್ಪಿಕೊಂಡು, ಉಳಿದುದನ್ನೆಲ್ಲ ನಿಮ್ಮ ಪರವಾಗಿಯೇ ಹೇಳುತ್ತೇನೆ. ಲಾಂಛನದ ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲರೂ ಎಲ್ಲರಿಗೂ ಬೀಗರಾಗಿರುವ ನಿಮ್ಮ ಊರಿನಲ್ಲಿ ಅಂಥ ಸುಳ್ಳು ಒಂದು ವಾರ ಬಾಳುವುದಿಲ್ಲ.

ನಿಮ್ಮ ಕೋಣೆಯಿಂದ ದುರ್ಗದಬೈಲಿನ ಪೇಟೆ ದೂರವೇನಲ್ಲ. ಒಂದು ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ, ಆಗತಾನೇ ಬಾಗಿಲು ತೆಗೆದು, ಹೊಸ್ತಿಲಿಗೆ ನೀರು ಹಾಕಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿದ ವ್ಯಾಪಾರಿಯ ಮುಂದೆ ನಿಂತು, ‘ಸಾವ್ಕಾರ್ರ, ಇವತ್ತು ಹಂಗ ಕೊಡ್ರಿ, ರೊಕ್ಕದ್ದು ಆಮ್ಯಾಲೆ ನೋಡೂಣು’ ಎಂದು ಕೇಳಿ ನೋಡಿ. ಹಳೆಯ ಗಿರಾಕಿಗೆ ವರ್ಷಗಟ್ಟಲೆ ಉದ್ರಿ ಕೊಡುವ ಆ ಮನುಷ್ಯ ಬೋಣಿಯ ಹೊತ್ತಿನಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಬಾಕಿ ಬಿಡುವುದಿಲ್ಲ. ಬೇಕಾದರೆ ದರದಲ್ಲಿ ಚೌಕಾಸಿಗೆ ಒಪ್ಪಿ, ಲಾಭವನ್ನು ಬಿಟ್ಟುಕೊಟ್ಟಾನು, ಆದರೆ ನಗದು ಕಣ್ಣಿಗೊತ್ತಿಕೊಂಡೇ ಪೆಟ್ಟಿಗೆಗೆ ಹಾಕುತ್ತಾನೆ. ವ್ಯಾಪಾರಶಾಸ್ತ್ರದ ಪದವಿ ಪಡೆದ ನೀವು ನಿಮ್ಮ ಬೋಣಿಯನ್ನೇ ಸಾಲಕ್ಕೆ, ಅದೂ ತೀರುವ ಭರವಸೆಯಿಲ್ಲದ ಸಾಲಕ್ಕೆ ಕೊಡಲು ಹೊರಟಿದ್ದೀರಲ್ಲ ಎಂಬುದು ನನ್ನ ಸಣ್ಣ ಆಕ್ಷೇಪ.

ಪುಕ್ಕಟೆ ಕೆಲಸದ ನಷ್ಟ ಕೇವಲ ಹಣದ್ದಲ್ಲ. ಹಣ ಕೊಡದ ಕೆಲಸಕ್ಕೆ ಆ ಆಸ್ಪತ್ರೆಯಲ್ಲಿ ಯಾರೂ ಯಜಮಾನರಿರುವುದಿಲ್ಲ. ನೀವು ಬರೆದುಕೊಟ್ಟದ್ದನ್ನು ನೋಡಲು ವೈದ್ಯರಿಗೆ ಬಿಡುವಿರುವುದಿಲ್ಲ, ಛಾಯಾಚಿತ್ರಕ್ಕೆ ಅನುಮತಿ ಕೇಳಿದರೆ ಆಡಳಿತಾಧಿಕಾರಿ ಮುಂದಿನ ವಾರ ಬನ್ನಿ ಎನ್ನುತ್ತಾರೆ, ಒಪ್ಪಿಗೆ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಮೂರು ತಿಂಗಳ ಕೊನೆಗೆ ಫಲಿತಾಂಶವಿಲ್ಲದ ಕೆಲಸವೊಂದು ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಸೊನ್ನೆಯಾಗಿದ್ದ ದರಕ್ಕೆ ನೀವು ಯಾವ ಮೊತ್ತ ಸೇರಿಸಿ ಹೇಳಿದರೂ ಅದು ಅವರಿಗೆ ಏರಿಕೆಯಾಗಿಯೇ ಕಾಣುತ್ತದೆ. ಮೇಲಾಗಿ ವೈದ್ಯರು ರೋಗಿಗಳನ್ನು ಸೆಳೆಯಲು ಪ್ರಚಾರ ಮಾಡಿಕೊಳ್ಳಬಾರದೆಂದು ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳೇ ಹೇಳುತ್ತವೆ, ಕೆಲವು ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಕಾನೂನು ನಿಷೇಧಿಸಿದೆ. ಇಷ್ಟು ಮುಳ್ಳಿರುವ ದಾರಿಯಲ್ಲಿ ಮೊದಲ ಹೆಜ್ಜೆ ಇಡಬೇಕೆ, ಅದೂ ಬಿಟ್ಟಿಯಾಗಿ?

ಹೊಸಬರೆಲ್ಲ ಜಾಹೀರಾತು ಲೋಕದ ದೊಡ್ಡ ಹೆಸರಾದ ಡೇವಿಡ್ ಓಗಿಲ್ವಿಯ ಕತೆಯನ್ನು ಹೇಳುತ್ತಾರೆ. ನಿಮ್ಮ ತರಗತಿಯಲ್ಲೂ ಕೇಳಿರುತ್ತೀರಿ. 1948ರಲ್ಲಿ ನ್ಯೂಯಾರ್ಕಿನಲ್ಲಿ ಏಜೆನ್ಸಿ ತೆರೆದಾಗ, ತನಗೆ ಬೇಕಾದ ಐದು ಗಿರಾಕಿಗಳ ಪಟ್ಟಿಯನ್ನು ಆತ ಬರೆದಿಟ್ಟುಕೊಂಡನಂತೆ. ಜನರಲ್ ಫುಡ್ಸ್, ಬ್ರಿಸ್ಟಲ್-ಮೈಯರ್ಸ್, ಕ್ಯಾಂಪ್‌ಬೆಲ್ ಸೂಪ್, ಲೀವರ್ ಬ್ರದರ್ಸ್ ಮತ್ತು ಶೆಲ್ ಎಂಬ ಆ ಐದೂ ಕಂಪನಿಗಳು ಕಾಲಾಂತರದಲ್ಲಿ ಅವನ ಬಳಿ ಬಂದವಂತೆ. ಕತೆ ಸುಳ್ಳಲ್ಲ, ಆದರೆ ಅರ್ಧ. ಆ ಏಜೆನ್ಸಿಗೆ ಬಂಡವಾಳ ಹಾಕಿದ್ದು ಲಂಡನ್ನಿನ ಎರಡು ಏಜೆನ್ಸಿಗಳು, ಅವುಗಳಲ್ಲಿ ಒಂದನ್ನು ನಡೆಸುತ್ತಿದ್ದವನು ಅವನ ಸ್ವಂತ ಅಣ್ಣ. ಮೊದಲ ಗಿರಾಕಿಗಳಲ್ಲಿದ್ದ ಗಿನ್ನೆಸ್ ಕಂಪನಿಯ ಪ್ರಚಾರವನ್ನು ಇನ್ನೊಂದು ಏಜೆನ್ಸಿ ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ನೋಡಿಕೊಳ್ಳುತ್ತಿತ್ತು. ಮರುವರ್ಷ, 1949ರಲ್ಲಿ, ಅದೇ ಊರಿನಲ್ಲಿ ವಿಲಿಯಂ ಬರ್ನ್‌ಬ್ಯಾಕ್ ತನ್ನ ಇಬ್ಬರು ಪಾಲುದಾರರೊಂದಿಗೆ ಏಜೆನ್ಸಿ ತೆರೆದಾಗ ಮೊದಲು ಬಂದದ್ದು ಓರ್‌ಬ್ಯಾಕ್ಸ್ ಎಂಬ ಬಟ್ಟೆಯಂಗಡಿ. ಹಿಂದಿನ ನೌಕರಿಯಲ್ಲಿ ಬರ್ನ್‌ಬ್ಯಾಕ್ ಆ ಅಂಗಡಿಯ ಕೆಲಸವನ್ನು ಮಾಡಿದ್ದ. ಅಂದರೆ ಮೊದಲ ಕೆಲಸ ಕೊಟ್ಟವರು ಕಡತ ನೋಡಿ ಕೊಟ್ಟವರಲ್ಲ, ಮನುಷ್ಯನನ್ನು ಬಲ್ಲವರು. ನಿಮ್ಮನ್ನು ಬಲ್ಲವರು ಯಾರು? ನಿಮ್ಮ ಸೋದರಮಾವ ಯಾವ ಕೈಗಾರಿಕೆಯಲ್ಲಿದ್ದಾರೆ, ಸಹಪಾಠಿಗಳ ಮನೆಯವರ ವ್ಯಾಪಾರವೇನು, ನಿಮ್ಮ ಕೋಣೆಯ ಮಾಲೀಕರಿಗೆ ಅಂಗಡಿಯಿದೆಯೆ? ನೀವು ಹೋದದ್ದು ಆಸ್ಪತ್ರೆಗೆ, ನಿಮ್ಮನ್ನು ಯಾರೂ ಅರಿಯದ ಕಡೆಗೆ.

ಆ ಓಗಿಲ್ವಿಯ ಬದುಕಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೇರೆ ಎರಡು ಸಂಗತಿಗಳು. ಏಜೆನ್ಸಿ ತೆರೆಯುವುದಕ್ಕೆ ಬಹಳ ಮೊದಲು ಅವನು ಸ್ಕಾಟ್‌ಲೆಂಡಿನಲ್ಲಿ ಮನೆಮನೆಗೆ ಹೋಗಿ ಆಗಾ ಒಲೆಗಳನ್ನು ಮಾರಿದ್ದ. ಹೆಸರು ತಂದುಕೊಟ್ಟ 1951ರ ಹ್ಯಾಥವೇ ಅಂಗಿಯ ಜಾಹೀರಾತು ಒಂದು ಸಣ್ಣ ಕಂಪನಿಯದು. ಅದರ ಜಾಹೀರಾತಿನ ಗಂಟು ಕೇವಲ 30,000 ಡಾಲರ್, ಆದರೆ ಓಗಿಲ್ವಿ ಬರೆದ ಒಂದು ಪದವನ್ನೂ ತಿದ್ದುವುದಿಲ್ಲವೆಂದು ಅದರ ಮುಖ್ಯಸ್ಥರು ಮಾತು ಕೊಟ್ಟರು. ಸಣ್ಣವರಾದರೂ ಹಣ ಕೊಟ್ಟರು, ನಂಬಿಕೆಯನ್ನೂ ಕೊಟ್ಟರು.

ದಾಖಲೆಯಿಲ್ಲದವರಿಗೆ ದಾಖಲೆಯ ಬದಲು ನಿಲ್ಲುವುದು ಗಿರಾಕಿಯ ಕಸುಬಿನ ತಿಳಿವಳಿಕೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೈಗಾರಿಕಾ ವಾಲ್ವ್ ತಯಾರಿಸುವವರಿದ್ದಾರೆ. ದೂರದ ಕಾರ್ಖಾನೆಗಳಿಗೆ ಸರಕು ಕಳಿಸುವ ಇಂಥ ಘಟಕಗಳಲ್ಲಿ ಅನೇಕವು ಖರೀದಿದಾರರ ಕೈಗೆ ಕೊಡಲು ಇಂದಿಗೂ ಮಸುಕಾದ ಛಾಯಾಚಿತ್ರಗಳ ಕ್ಯಾಟಲಾಗನ್ನೇ ಇಟ್ಟುಕೊಂಡಿರುತ್ತವೆ. ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ, ಅಂದರೆ ಇದು ಈ ಊರಿನದೇ ಸರಕು ಎಂಬ (ಜಿ.ಐ.) ಮಾನ್ಯತೆಯಿದೆ, ನವಲಗುಂದದ ಜಮಖಾನೆಗೆ ಇದೆ, ಧಾರವಾಡದ ಪೇಡೆಗೂ ಇದೆ; ಆ ಮಾನ್ಯತೆಯನ್ನು ಪೊಟ್ಟಣದ ಮೇಲೆ ಗಿರಾಕಿಗೆ ತಿಳಿಯುವಂತೆ ಹೇಳಿಕೊಡುವವರು ವಿರಳ. ರಾಣೆಬೆನ್ನೂರಿನ ಬೀಜದಂಗಡಿಯೊಂದರ ಕಟ್ಟೆಯ ಮೇಲೆ ಮುಂಗಾರಿನ ಆರಂಭದಲ್ಲಿ ಒಂದು ಬೆಳಗು ಕುಳಿತುಕೊಳ್ಳಿ. ರೈತ ಬರುತ್ತಾನೆ, ಅಂಗಿಯ ಜೇಬಿನಿಂದ ಹೋದ ವರ್ಷದ ಖಾಲಿ ಪೊಟ್ಟಣವನ್ನು, ನಾಲ್ಕು ಮಡಿಕೆಯಾಗಿ ಮಡಿಸಿದ್ದನ್ನು, ಬಿಡಿಸಿ ಗಲ್ಲೆಯ ಮೇಲಿಟ್ಟು ‘ಇದನ್ನ ಕೊಡ್ರಿ’ ಎನ್ನುತ್ತಾನೆ. ಅವನು ತಳಿಯ ಹೆಸರು ಹೇಳಲಿಲ್ಲ, ಬಣ್ಣ ಮತ್ತು ಚಿತ್ರವನ್ನು ತೋರಿಸಿದ. ಈ ಒಂದು ದೃಶ್ಯ ಕಂಡವನಿಗೆ, ಪೊಟ್ಟಣದ ವಿನ್ಯಾಸವನ್ನು ವರ್ಷವರ್ಷವೂ ಬದಲಿಸುವ ಬೀಜದ ಕಂಪನಿಯೊಂದಿಗೆ ಮಾತಾಡಲು ವಿಷಯ ಸಿಕ್ಕಿತು. ಅದನ್ನು ಕೇಳಿದ ಮಾಲೀಕ ನೀವು ಈ ಮೊದಲು ಯಾರಿಗೆ ಮಾಡಿದ್ದೀರಿ ಎಂದು ಕೇಳುವುದನ್ನು ಮರೆತುಬಿಡುವ ಸಾಧ್ಯತೆಯೇ ಹೆಚ್ಚು.

ಮೊದಲ ಕೆಲಸ ಚಿಕ್ಕದಿರಲಿ, ಅದಕ್ಕೊಂದು ಮುಕ್ತಾಯದ ದಿನವಿರಲಿ, ಅರ್ಧ ಹಣ ಮುಂಗಡವಾಗಿ ಬರಲಿ. ದರ ಇಳಿಸಲೇಬೇಕಾದರೆ ಬಿಲ್ಲಿನಲ್ಲಿ ಪೂರ್ತಿ ದರವನ್ನು ಬರೆದು, ಅದರ ಕೆಳಗೆ ರಿಯಾಯಿತಿಯನ್ನು ಬರೆಯಿರಿ. ಆ ರಿಯಾಯಿತಿಗೆ ಪ್ರತಿಯಾಗಿ, ಕೆಲಸದ ಮೊದಲು ಎಷ್ಟು ವಿಚಾರಣೆಗಳು ಬರುತ್ತಿದ್ದವು, ನಂತರ ಎಷ್ಟು ಬಂದವು ಎಂಬುದನ್ನು ಬೇರೆಯವರಿಗೆ ತೋರಿಸಲು ಲಿಖಿತ ಒಪ್ಪಿಗೆ ಕೇಳಿ. ನಿಮ್ಮ ದಾಖಲೆ ಹುಟ್ಟುವುದು ಆ ಒಂದು ಹಾಳೆಯಲ್ಲಿ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಲಿಖಿತ ಕರಾರಿದ್ದರೂ 45 ದಿನಗಳಿಗಿಂತ ಹೆಚ್ಚು ತಡಮಾಡುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆದರೆ ಈ ಕಾಯ್ದೆ ಬಿಲ್ಲು ಬರೆದವನನ್ನು ಕಾಯುತ್ತದೆಯೇ ಹೊರತು ಪುಕ್ಕಟೆ ಮಾಡಿಕೊಟ್ಟವನನ್ನಲ್ಲ.

ವಿಚಾರಕ್ಕೆ ಬೆಲೆ ಕೊಡದ ಈ ಅಭ್ಯಾಸ ಎಲ್ಲಿಂದ ಬಂತೆಂದು ನಾನು ಬಹಳ ಯೋಚಿಸಿದ್ದೇನೆ. ಜಾಹೀರಾತಿನ ಮಟ್ಟಿಗೆ ಅದಕ್ಕೊಂದು ಹಳೆಯ ಕಾರಣ ಕಾಣುತ್ತದೆ. ಮಾನ್ಯತೆ ಪಡೆದ ಏಜೆನ್ಸಿಗಳಿಗೆ ಪತ್ರಿಕೆಗಳೇ ಜಾಹೀರಾತಿನ ಹಣದಲ್ಲಿ ಶೇಕಡ 15ರಷ್ಟು ಕಮಿಷನ್ ಬಿಟ್ಟುಕೊಡುತ್ತಿದ್ದವು; ಹೀಗಾಗಿ ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದದ್ದು ಪತ್ರಿಕೆಯಲ್ಲಿನ ಜಾಗದ ಬೆಲೆ ಮಾತ್ರ, ಬರೆದವನ ಮತ್ತು ಚಿತ್ರ ಬಿಡಿಸಿದವನ ತಲೆಗೆ ಪ್ರತ್ಯೇಕ ಬಿಲ್ಲೇ ಇರುತ್ತಿರಲಿಲ್ಲ. ಆ ವ್ಯವಸ್ಥೆ ಸಡಿಲವಾದರೂ ಅದು ಕಲಿಸಿದ ಪಾಠ ಉಳಿದಿದೆ. ಜಾಹೀರಾತಿನ ಆಚೆಗಂತೂ ಕೇಳುವುದೇ ಬೇಡ. ನಮ್ಮ ಯಾವುದೇ ಊರಿನ ಸಾಹಿತ್ಯ ಸಮಾರಂಭವನ್ನು ನೋಡಿ: ಶಾಮಿಯಾನದವನಿಗೆ, ಧ್ವನಿವರ್ಧಕದವನಿಗೆ, ಅಡುಗೆಯವನಿಗೆ ಅದೇ ರಾತ್ರಿ ಲೆಕ್ಕ ಚುಕ್ತಾ ಆಗುತ್ತದೆ, ಕವಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಬಸ್ ನಿಲ್ದಾಣದವರೆಗೆ ಯಾರದೋ ಸ್ಕೂಟರಿನ ಹಿಂಬದಿ. ಸ್ಮರಣ ಸಂಚಿಕೆಯ ಕಾಗದಕ್ಕೆ ಹಣ, ಮುದ್ರಣಕ್ಕೆ ಹಣ, ಲೇಖನಕ್ಕೆ ಒಂದು ಗೌರವ ಪ್ರತಿ. ಪತ್ರಿಕೆಯವರಾದ ನಮಗೂ ಇದರ ಪಾಲಿದೆ: ಈ ಸಲ ಜಾಹೀರಾತನ್ನು ಹಾಗೆಯೇ ಹಾಕಿಬಿಡಿ, ದೀಪಾವಳಿ ವಿಶೇಷಾಂಕಕ್ಕೆ ಪೂರ್ಣಪುಟ ಕೊಡುತ್ತೇವೆ ಎನ್ನುವವರ ಮಾತನ್ನು ನಂಬಿ ಕಟ್ಟಿದ ವಿಶೇಷಾಂಕ ಇನ್ನೂ ಯಾವ ಮುದ್ರಣಾಲಯದಿಂದಲೂ ಹೊರಬಂದಿಲ್ಲ. ನಮ್ಮ ಪತ್ರಿಕೆ ಲೇಖಕರಿಗೆ ಕೊಡುವ ಸಂಭಾವನೆ ದೊಡ್ಡದಲ್ಲ, ಆದರೆ ಕೊಡುತ್ತದೆ, ಮತ್ತು ಆ ಕಾರಣಕ್ಕೇ ತಡವಾಗಿ ಬಂದ ಲೇಖನದ ಬಗ್ಗೆ ಮುಖ ಕೆಂಪು ಮಾಡಿಕೊಂಡು ಕೇಳುವ ಹಕ್ಕು ನನಗಿದೆ. ಪುಕ್ಕಟೆ ಬರೆಸಿಕೊಂಡವನಿಗೆ ಆ ಹಕ್ಕೂ ಇರುವುದಿಲ್ಲ. ಇದನ್ನು ಆ ಆಸ್ಪತ್ರೆಯವರಿಗೂ ಸೌಜನ್ಯದಿಂದಲೇ ಹೇಳಬಹುದು: ಮೂರು ತಿಂಗಳು ಬೇಡ, ಒಂದೇ ತಿಂಗಳು ಮಾಡುತ್ತೇವೆ, ದರ ಇಷ್ಟು, ಮನಸ್ಸಿಗೆ ಬಾರದಿದ್ದರೆ ಮುಂದುವರಿಸಬೇಡಿ.

ಇನ್ನು ಬೆಂಗಳೂರಿನ ವಿಚಾರ. ಎ.ಜಿ. ಕೃಷ್ಣಮೂರ್ತಿ 1980ರ ಮಾರ್ಚಿನಲ್ಲಿ ಮುದ್ರಾ ಏಜೆನ್ಸಿಯನ್ನು ಆರಂಭಿಸಿದಾಗ ಕೈಯಲ್ಲಿದ್ದದ್ದು 35,000 ರೂಪಾಯಿ ಮತ್ತು ಒಬ್ಬನೇ ಗಿರಾಕಿ, ರಿಲಯನ್ಸ್ ಕಂಪನಿಯ ವಿಮಲ್ ಬಟ್ಟೆ. ಅದೇ ಕಂಪನಿಯ ಜಾಹೀರಾತು ವಿಭಾಗವನ್ನು ಅವರು ಅದಕ್ಕೂ ಮೊದಲು ನೋಡಿಕೊಂಡಿದ್ದರು. ಜಾಹೀರಾತು ಎಂದರೆ ಮುಂಬಯಿ ಎನ್ನುತ್ತಿದ್ದ ಆ ಕಾಲದಲ್ಲಿ ಅವರು ಏಜೆನ್ಸಿ ತೆರೆದದ್ದು ಅಹಮದಾಬಾದಿನಲ್ಲಿ, ಬಟ್ಟೆ ನೇಯುವ ಊರಿನಲ್ಲಿ. ಬೆಂಗಳೂರಿನಲ್ಲಿ ಕಚೇರಿಯ ಬಾಡಿಗೆ ಮುಂಗಡಕ್ಕೆ ಕೊಡಬೇಕಾದ ಹಣದಲ್ಲಿ ನೀವಿಬ್ಬರೂ ಹುಬ್ಬಳ್ಳಿಯಲ್ಲಿ ಹಲವು ತಿಂಗಳು ಕಳೆಯಬಹುದು. ಬೆಂಗಳೂರಿನ ಏಜೆನ್ಸಿಯವರು ಗೋಕುಲ ರಸ್ತೆಗೆ ಬರುವುದೂ ಅಪರೂಪ. ಬೀಜದವರ ಬಳಿ ಹೋಗುವುದಾದರೆ ಮಾರ್ಚಿಗೆ ಮುಂಚೆ ಹೋಗಿ. ಮಳೆ ಬಿದ್ದ ಮೇಲೆ ಅವರಿಗೆ ನಿಮ್ಮೊಂದಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ, ಆ ವರ್ಷದ ಪೊಟ್ಟಣಗಳೂ ಅಷ್ಟರಲ್ಲಿ ಅಚ್ಚಾಗಿರುತ್ತವೆ.