ಡಿಸೈನ್ ಸಿಸ್ಟಮ್‌ಗೆ ಎಷ್ಟು ಈಸಿಂಗ್ ಹೆಲ್ಪರ್‌ಗಳು ಬೇಕು?

ನೀವು ಕೇಳಿದ್ದು ಇಷ್ಟು: ಹೊಸ ಡಿಸೈನ್ ಸಿಸ್ಟಮ್ (ಎಲ್ಲ ಪುಟಗಳಿಗೂ ಒಂದೇ ಬಗೆಯ ಬಟನ್, ಬಣ್ಣ, ಚಲನೆ ಕೊಡುವ ಸಂಗ್ರಹ) ಕಟ್ಟುವಾಗ ಈಸಿಂಗ್ ಲೈಬ್ರರಿಯ 30 ಹೆಲ್ಪರ್‌ಗಳನ್ನೂ ಒಳಗೆ ತರಬೇಕಾ, ಇಲ್ಲ ಬ್ರೌಸರ್‌ನಲ್ಲೇ ಇರುವ 'ಈಸ್' ಒಂದೇ ಸಾಕಾ? ಈಸಿಂಗ್ ಅಂದರೆ ಪರದೆಯ ಮೇಲಿನ ಚಲನೆಯ ವೇಗ ಹೇಗೆ ಏರಿಳಿಯಬೇಕು ಅಂತ ಹೇಳುವ ವಕ್ರರೇಖೆ; ಅದನ್ನು ಲೆಕ್ಕ ಹಾಕಿಕೊಡುವ ಸಿದ್ಧ ಫಂಕ್ಷನ್‌ಗಳೇ ಹೆಲ್ಪರ್‌ಗಳು. ನನ್ನ ಪ್ರಕಾರ ಮೂರು ಸಾಕು. ಆದರೆ ಆ ಮೂರಕ್ಕೂ ಮಾಡುವ ಕೆಲಸದ ಹೆಸರಿಡಿ, ಗಣಿತದ ಹೆಸರು ಬೇಡ.

ನಾನು ಬೆಳಗಾವಿಯಲ್ಲಿ ಒಂದು ಚಿಕ್ಕ ತಂಡದಲ್ಲಿ ಫ್ರಂಟ್‌ಎಂಡ್ ಕೆಲಸ ಮಾಡುತ್ತೇನೆ. ನಾವು ಮೊದಲು 30 ಹೆಲ್ಪರ್‌ಗಳನ್ನೂ ಹಾಕಿದ್ದೆವು. ವೆಬ್ ಅನಿಮೇಶನ್‌ಗೆ ಫ್ಲ್ಯಾಶ್ ಬಳಸುತ್ತಿದ್ದ ಕಾಲದಲ್ಲಿ ರಾಬರ್ಟ್ ಪೆನ್ನರ್ ಬರೆದ ಸೂತ್ರಗಳು ಅವು. ಸೈನ್, ಕ್ವಾಡ್, ಕ್ಯೂಬಿಕ್, ಬ್ಯಾಕ್, ಬೌನ್ಸ್ ಅಂತ ಹತ್ತು ಬಗೆ, ಒಂದೊಂದರಲ್ಲೂ ಇನ್, ಔಟ್, ಇನ್-ಔಟ್. ಇಷ್ಟು ಕೈಗೆ ಸಿಕ್ಕರೆ ಏನಾಗುತ್ತದೆ? ಒಬ್ಬೊಬ್ಬರು ತಮಗೆ ಚೆಂದ ಕಂಡಿದ್ದನ್ನು ಎತ್ತಿಕೊಂಡರು. ಒಂದೇ ಪುಟದಲ್ಲಿ ಮೆನು ಒಂದು ರೀತಿ, ಡಯಲಾಗ್ ಇನ್ನೊಂದು ರೀತಿ ಬರತೊಡಗಿತು.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟವರು ಒಂದು ಕುಂದಾ ಅಂಗಡಿಯ ಯಜಮಾನರು. ಅವರಿಗೆ ನಾವು ಬಿಲ್ಲಿಂಗ್ ಪುಟ ಮಾಡಿಕೊಟ್ಟಿದ್ದೆವು. ದೀಪಾವಳಿ ಗದ್ದಲದಲ್ಲಿ ಅವರು ಫೋನ್ ಮಾಡಿ ಹೇಳಿದರು: "ಬಟನ್ ಒತ್ತಿದ ಮ್ಯಾಲ ಇದು ವಿಚಾರ ಮಾಡಾಕತ್ತೈತಿ ನೋಡ್ರಿ." ನಾವು ಸರ್ವರ್ ನೋಡಿದೆವು, ನೆಟ್‌ವರ್ಕ್ ನೋಡಿದೆವು. ಎಲ್ಲ ಸರಿಯಾಗಿತ್ತು. ಸಮಸ್ಯೆ ಇದ್ದದ್ದು ಪಕ್ಕದಿಂದ ಬರುವ ಪ್ಯಾನೆಲ್‌ನಲ್ಲಿ. ಅದಕ್ಕೆ ಯಾರೋ ಕ್ಯೂಬಿಕ್ ಈಸ್-ಇನ್ ಹಾಕಿದ್ದರು, ಅವಧಿ 300 ಮಿಲಿಸೆಕೆಂಡ್.

ಲೆಕ್ಕ ಹಾಕಿ ನೋಡಿ. ಕ್ಯೂಬಿಕ್ ಈಸ್-ಇನ್‌ನಲ್ಲಿ ಅರ್ಧ ಸಮಯ ಕಳೆದಾಗ ದಾರಿ ಸಾಗಿರುವುದು ಬರೀ 12.5%. ಈಸ್-ಔಟ್‌ನಲ್ಲಾದರೆ ಅದೇ ಅರ್ಧ ಸಮಯಕ್ಕೆ 87.5% ಮುಗಿದಿರುತ್ತದೆ. ಒಟ್ಟು ಅವಧಿ ಎರಡರಲ್ಲೂ ಅದೇ 300. ಆದರೆ ಮೊದಲನೆಯದರಲ್ಲಿ ಬೆರಳು ಒತ್ತಿದ ಮೇಲೆ ಪರದೆ ಸುಮ್ನೆ ನಿಂತಂತೆ ಕಾಣುತ್ತದೆ. ನಾವು ಅವಧಿ ಮುಟ್ಟಲಿಲ್ಲ, ವಕ್ರರೇಖೆ ಮಾತ್ರ ಈಸ್-ಔಟ್‌ಗೆ ಬದಲಿಸಿದೆವು. ಆ ದೂರು ಮತ್ತೆ ಬರಲಿಲ್ಲ.

'ಈಸ್-ಇನ್' ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ ಅಂದರೆ ಒಳಗೆ ಬರುವುದು ಅಂದುಕೊಳ್ಳುವುದು ಸಹಜ ಅಲ್ವಾ? ನಿಜವಾಗಿ ಅದು ನಿಧಾನವಾಗಿ ಶುರುವಾಗುವ ಚಲನೆ. ಅದಕ್ಕೇ ಈಗ ನಮ್ಮ ಟೋಕನ್‌ಗಳ (ಎಲ್ಲರೂ ಬಳಸಲು ಹೆಸರಿಟ್ಟು ಇಟ್ಟ ಮೌಲ್ಯಗಳ) ಹೆಸರು 'ಬರುವಾಗ', 'ಹೋಗುವಾಗ', 'ಸರಿಯುವಾಗ'. ಸಂಖ್ಯೆಗಳನ್ನು ಗೂಗಲ್‌ನ ಡಿಸೈನ್ ಸಿಸ್ಟಮ್ ಆದ ಮೆಟೀರಿಯಲ್ ಡಿಸೈನ್‌ನಿಂದ ತೆಗೆದುಕೊಂಡೆವು. ವಕ್ರರೇಖೆಯನ್ನು ನಾಲ್ಕು ಸಂಖ್ಯೆಗಳಲ್ಲಿ ಬ್ರೌಸರ್‌ಗೆ ಹೇಳುವ ರೀತಿಗೆ ಕ್ಯೂಬಿಕ್-ಬೆಜಿಯರ್ ಅನ್ನುತ್ತಾರೆ. ಬರುವಾಗ ಕ್ಯೂಬಿಕ್-ಬೆಜಿಯರ್ 0, 0, 0.2, 1. ಹೋಗುವಾಗ 0.4, 0, 1, 1. ಪರದೆಯ ಮೇಲೇ ಒಂದು ಕಡೆಯಿಂದ ಇನ್ನೊಂದು ಕಡೆ ಸರಿಯುವಾಗ 0.4, 0, 0.2, 1. ಈ ಮೂರನೆಯದನ್ನು ಹೊಸಬರಿಗೆ ಹೇಳಿಕೊಡುವಾಗ ನಾನು ನಾಗರಪಂಚಮಿಯ ಜೋಕಾಲಿ ನೆನಪಿಸುತ್ತೇನೆ. ಎರಡೂ ತುದಿಯಲ್ಲಿ ನಿಧಾನ, ನಡುವೆ ಜೋರು. ಅಳತೆ ಪೂರ್ತಿ ಅದೇ ಅಲ್ಲ, ಆದರೆ ಭಾವ ಕೂಡಲೇ ತಿಳಿಯುತ್ತದೆ. ಬಣ್ಣ ಬದಲಾಗುವುದಕ್ಕೆಲ್ಲ ಬ್ರೌಸರ್‌ನ 'ಈಸ್' ಸಾಕು, ತಲೆ ಕೆಡಿಸಿಕೊಳ್ಳಬೇಡಿ.

ಸಂಖ್ಯೆಗಳು ಒಂದೇ ಕಡೆ ಇರಲಿ. ಸಿಎಸ್‌ಎಸ್‌ಗೂ ಜಾವಾಸ್ಕ್ರಿಪ್ಟ್‌ಗೂ ಅಲ್ಲಿಂದಲೇ ಹೋಗಲಿ.

ಬೌನ್ಸ್, ಅಂದರೆ ಚೆಂಡಿನಂತೆ ಪುಟಿದು ನಿಲ್ಲುವ ಚಲನೆ, ಬೇಕೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಒಂದೇ ಕ್ಯೂಬಿಕ್-ಬೆಜಿಯರ್‌ನಲ್ಲಿ ಅದು ಆಗುವುದಿಲ್ಲ. 2023ರ ಕೊನೆಯ ಹೊತ್ತಿಗೆ ಮುಖ್ಯ ಬ್ರೌಸರ್‌ಗಳಿಗೆಲ್ಲ ಬಂದ 'ಲೀನಿಯರ್' ಫಂಕ್ಷನ್‌ನಲ್ಲಿ ಬಿಂದುಗಳನ್ನು ಸಾಲಾಗಿ ಕೊಟ್ಟು ಮಾಡಬಹುದು. ನಾನಂತೂ ಬಿಲ್ಲಿಂಗ್‌ನಂಥ ಕಡೆ ಬೌನ್ಸನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ವಿಷಯ ದಯವಿಟ್ಟು ಮರೆಯಬೇಡಿ. ಚಲನೆ ನೋಡಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಅಂಥವರು ಫೋನಿನಲ್ಲಿ 'ಚಲನೆ ಕಡಿಮೆ ಮಾಡು' ಅಂತ ಆರಿಸಿರುತ್ತಾರೆ. ಅದನ್ನು ಟೋಕನ್ ಹಂತದಲ್ಲೇ ಗೌರವಿಸಿ, ಒಂದೊಂದು ಕಾಂಪೊನೆಂಟ್‌ನಲ್ಲಿ ಅಲ್ಲ. ನಾವು ಅವಧಿಯನ್ನು ಸೊನ್ನೆ ಮಾಡಿ ಪೆಟ್ಟು ತಿಂದೆವು. ಅವಧಿ ಸೊನ್ನೆಯಾದರೆ ಟ್ರಾನ್ಸಿಷನ್ ಶುರುವೇ ಆಗುವುದಿಲ್ಲ, ಹಾಗಾಗಿ ಅದು ಮುಗಿಯಿತು ಅಂತ ಬ್ರೌಸರ್ ಕೊಡುವ ಸೂಚನೆ, ಅಂದರೆ ಇವೆಂಟ್, ಕೂಡ ಬರುವುದಿಲ್ಲ. ಆ ಇವೆಂಟ್‌ಗೆ ಕಾಯುತ್ತಿದ್ದ ಡಯಲಾಗ್ ಮುಚ್ಚಲೇ ಇಲ್ಲ. ಈಗ ಅಲ್ಲಿ 1 ಮಿಲಿಸೆಕೆಂಡ್ ಇಟ್ಟಿದ್ದೇವೆ.

ಶುರು ಮಾಡುವ ಮೊದಲು ನಿಮ್ಮ ಕೋಡ್‌ನಲ್ಲಿ 'ಕ್ಯೂಬಿಕ್-ಬೆಜಿಯರ್' ಅಂತ ಹುಡುಕಿ. ಎಷ್ಟು ಬೇರೆ ಬೇರೆ ಸಂಖ್ಯೆಗಳು ಸಿಗುತ್ತವೋ ಬರೆದಿಟ್ಟುಕೊಳ್ಳಿ, ಪ್ರತಿಯೊಂದರ ಮುಂದೆ ಅದು ಬರುವುದಾ, ಹೋಗುವುದಾ, ಸರಿಯುವುದಾ ಅಂತ ಗುರುತು ಹಾಕಿ.