ಮೊದಲು ನೀವೊಬ್ಬರೇ ಹೋಗಬೇಡಿ

ಮುಂದಿನ ವಾರ ಒಬ್ಬನೇ ಕೌನ್ಸೆಲರ್ ಹತ್ತಿರ ಹೋಗಿ ನಮ್ಮ ದಾಂಪತ್ಯದ ತೊಂದರೆಯನ್ನೆಲ್ಲ ಹೇಳಿಕೊಳ್ಳುತ್ತೇನೆ, ಹೆಂಡತಿ ಒಪ್ಪಿದ ಮೇಲೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ. ಗಾಟ್‌ಮನ್, ಇಎಫ್‌ಟಿ (ಇಮೋಷನಲಿ ಫೋಕಸ್ಡ್ ಥೆರಪಿ), ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವ ಥೆರಪಿ ಪದ್ಧತಿಗಳಲ್ಲಿ ಯಾವುದು ಒಳ್ಳೆಯದು ಅಂತಲೂ ಕೇಳಿದ್ದೀರಿ. ಪದ್ಧತಿಯ ಮಾತಿಗೆ ಆಮೇಲೆ ಬರುತ್ತೇನೆ. ಒಬ್ಬನೇ ಹೋಗುವ ಕೆಲಸವನ್ನು ನಾನು 2016ರಲ್ಲಿ ಮಾಡಿದ್ದೆ. ಅದು ನಮ್ಮಿಬ್ಬರ ಒಂದೂವರೆ ವರ್ಷ ತಿಂದಿತು.

ನಮ್ಮದು ವಿಜಯನಗರದಲ್ಲಿ ಎರಡು ರೂಮಿನ ಬಾಡಿಗೆ ಮನೆ. ನನಗೆ ಪೀಣ್ಯದಲ್ಲಿ ಕೆಲಸ, ಅವಳು ಶಾಲೆಯಲ್ಲಿ ಟೀಚರ್. ಅಪ್ಪ ತೀರಿಕೊಂಡ ಮೇಲೆ ಅಮ್ಮ ತಿಪಟೂರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದರು. ವರ್ಷ ತುಂಬುವುದರೊಳಗೆ ನನಗೂ ಅವಳಿಗೂ ಮಾತು ಅಂದರೆ ಹಾಲು, ಗ್ಯಾಸು, ಕರೆಂಟ್ ಬಿಲ್ಲು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಆದರೆ ನಮ್ಮ ಮನೆಯಲ್ಲಿ ಮೂರು ಜನ ಮೂರು ಹೊತ್ತಿಗೆ ಉಣ್ಣುತ್ತಿದ್ದೆವು.

‘ಇವಳು ಎಲ್ಲಿಗೂ ಬರಲ್ಲ’ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ನೋಟ್‌ಬುಕ್ಕಿನಲ್ಲಿ ಪಾಯಿಂಟ್ ಬರೆದುಕೊಂಡು ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಒಳ್ಳೆಯವರು, ಸಮಾಧಾನದಿಂದ ಕೇಳಿಸಿಕೊಂಡರು. ಮೂರು ಶನಿವಾರ ಹೋದೆ. ಮೂರನೆಯ ಶನಿವಾರ, ಒಂದು ರಾತ್ರಿ ಅವಳು ಅತ್ತುಕೊಂಡು ನನ್ನೊಬ್ಬನಿಗೇ ಹೇಳಿದ್ದ ಮಾತನ್ನು ಅವರ ಮುಂದೆ ಇಟ್ಟೆ: ಮದುವೆಗೋಸ್ಕರ ಮೈಸೂರಿನ ಕೆಲಸ ಬಿಟ್ಟು ಬಂದಿದ್ದೇ ತಪ್ಪಾಯಿತು ಅಂತ. ಅವಳಿಗೆ ಈ ಮನೆಯೇ ಬೇಡ ಅನ್ನುವುದಕ್ಕೆ ಸಾಕ್ಷಿ ಅನ್ನುವ ಹಾಗೆ ಹೇಳಿದೆ.

ನಾಲ್ಕನೆಯ ಶನಿವಾರ ಅವಳೂ ಬಂದಳು. ಇದನ್ನು ಗಮನಿಸಿ, ಕರೆದ ಒಂದೇ ಮಾತಿಗೆ ಬಂದಳು. ಬರಲ್ಲ ಅಂದಿದ್ದು ನನ್ನ ಊಹೆ ಅಷ್ಟೇ. ಕೂತು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಕೌನ್ಸೆಲರ್ ಪ್ರೀತಿಯಿಂದಲೇ ಕೇಳಿದರು: “ಮೈಸೂರಿನ ಕೆಲಸ ಬಿಟ್ಟಿದ್ದು ನಿಮಗೆ ಇನ್ನೂ ನೋವಿದೆ, ಅಲ್ವಾ?” ಅವಳು ನನ್ನ ಕಡೆ ಒಂದು ಸಲ ತಿರುಗಿ ನೋಡಿದಳು. ಪಕ್ಕದಲ್ಲಿಟ್ಟಿದ್ದ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡಳು. ಉಳಿದಷ್ಟು ಹೊತ್ತೂ ಎಲ್ಲದಕ್ಕೂ ‘ಹೂಂ’. ವಾಪಸು ಬರುವಾಗ ಸಿಗ್ನಲ್‌ನಲ್ಲಿ, ಸ್ಕೂಟರ್ ಹಿಂದಿನಿಂದ ಅಂದಳು: “ತೀರ್ಪು ಬರೆದಾದ ಮೇಲೆ ನನ್ನನ್ನ ಯಾಕೆ ಕರೆಸಿದ್ರಿ?”

ಇಲ್ಲಿ ಏನೇನು ಕೆಟ್ಟಿತು ಅಂತ ನಿಮಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಹೊರಗಿನಿಂದ ನೋಡಿದರೆ ಇದು ತಪ್ಪು ಅಂತಲೇ ಅನ್ನಿಸುವುದಿಲ್ಲ. ನನ್ನದು ಮೂರು ಗಂಟೆ ಆಗಿತ್ತು, ಅವಳದು ಸೊನ್ನೆ. ಕೌನ್ಸೆಲರ್ ಮನಸ್ಸಿನಲ್ಲಿ ಅವಳ ಚಿತ್ರ ಆಗಲೇ ಇತ್ತು, ಬರೆದವನು ನಾನು. ‘ಹಠ’ ಅನ್ನುವ ಪದ ನಾನು ಕೊಟ್ಟಿದ್ದು. ಅದನ್ನೇ ಅವರು ಸ್ವಲ್ಪ ಮೆದು ಮಾಡಿ ಅವಳ ಮುಂದೆ ಬಳಸಿದಾಗ ಅವಳಿಗೆ ನನ್ನ ದನಿಯೇ ಕೇಳಿಸಿತು. ರಾತ್ರಿ ನಂಬಿ ಹೇಳಿದ ಮಾತನ್ನು ಮೂರನೆಯವರ ಬಾಯಿಂದ ಕೇಳಿದ ಮೇಲೆ ಅವಳು ನನಗೆ ಇನ್ನೇನನ್ನೂ ಹೇಳುವ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದು ನನಗೆ ಗೊತ್ತಾಗಲು ವರ್ಷ ಬೇಕಾಯಿತು: ಮೂರು ವಾರ ಯಾರೋ ಕೇಳಿಸಿಕೊಂಡಿದ್ದರಿಂದ ನನ್ನ ಎದೆ ಹಗುರಾಗಿತ್ತು. ನಾಲ್ಕನೆಯ ವಾರ ನಾನು ಗಂಡನಾಗಿ ಹೋಗಲಿಲ್ಲ, ಅವಳನ್ನು ತೋರಿಸಲು ಕರೆದುಕೊಂಡು ಹೋದೆ, ಮಗುವನ್ನು ಡಾಕ್ಟರ್ ಹತ್ತಿರ ಎತ್ತಿಕೊಂಡು ಹೋದ ಹಾಗೆ.

ಮುಂದಿನ ಒಂದೂವರೆ ವರ್ಷ ಕೌನ್ಸೆಲಿಂಗ್ ಅನ್ನುವ ಪದ ಮನೆಯಲ್ಲಿ ಆಡುವ ಹಾಗಿರಲಿಲ್ಲ. ಅವಳ ಅಣ್ಣ ಲೆಕ್ಕ ಹಾಕಿಯೇ ಬಿಟ್ಟಿದ್ದರು: ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ, ಅಂದರೆ ಇಬ್ಬರೂ ಒಪ್ಪಿ ಪಡೆಯುವ ವಿಚ್ಛೇದನ, ಒಂದು ವರ್ಷ ಬೇರೆ ವಾಸ, ಅರ್ಜಿ ಹಾಕಿದ ಮೇಲೆ ಆರು ತಿಂಗಳು, ಆ ಆರು ತಿಂಗಳನ್ನೂ ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅಂತ. ತಂಗಿ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಅವರ ಮೇಲೆ ನನಗೆ ಸಿಟ್ಟಿಲ್ಲ.

ದಾರಿ ಹುಡುಕಿದ್ದು ನನ್ನ ಹೆಂಡತಿಯೇ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆ ಅಂತಲೇ ಫ್ಯಾಮಿಲಿ ಸೈಕಿಯಾಟ್ರಿ ವಿಭಾಗ ಇದೆ ಅಂತ ಅವಳ ಜೊತೆ ಕೆಲಸ ಮಾಡುವ ಟೀಚರ್ ಹೇಳಿದ್ದರಂತೆ. “ಹೋಗೋದಾದ್ರೆ ಇಬ್ಬರೂ ಒಂದೇ ಸಲ ಒಳಗೆ ಹೋಗಬೇಕು” ಅಂದಳು. 2018ರಲ್ಲಿ ಹಾಗೇ ಹೋದೆವು.

ಅಲ್ಲಿ ಮೊದಲ ದಿನ ನಡೆದಿದ್ದು ಒಂದು ಚಿತ್ರ. ಜೀನೋಗ್ರಾಮ್ ಅಂತಾರೆ, ಮನೆತನದ ವಂಶವೃಕ್ಷದ ಥರ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಯಾರಿಗೆ ಯಾರು ಎಷ್ಟು ಹತ್ತಿರ ಅನ್ನುವುದಕ್ಕೆ ಗೆರೆ. ಇಬ್ಬರನ್ನೂ ಕೇಳಿ ಕೇಳಿ ಬರೆದರು. ನನ್ನ ಚೌಕದಿಂದ ಅಮ್ಮನ ವೃತ್ತಕ್ಕೆ ಮೂರು ಗೆರೆ ಬಿದ್ದವು, ಅಂದರೆ ತೀರಾ ಹತ್ತಿರ. ಹೆಂಡತಿಯ ವೃತ್ತಕ್ಕೆ ಅಂಕುಡೊಂಕಿನ ಒಂದು ಗೆರೆ, ಅಂದರೆ ಜಗಳ. ಯಾರೂ ಯಾರನ್ನೂ ಬೈಯಲಿಲ್ಲ, ಹಾಳೆ ಅಲ್ಲೇ ಟೇಬಲ್ ಮೇಲಿತ್ತು. ನನ್ನ ನೋಟ್‌ಬುಕ್ಕಿನ ಯಾವ ಪಾಯಿಂಟಿನಲ್ಲೂ ನಾನು ಇರಲಿಲ್ಲ ಅನ್ನುವುದು ಅವತ್ತು ಕಂಡಿತು.

ಆಮೇಲೆ ಇಬ್ಬರನ್ನೂ ಬೇರೆ ಬೇರೆ ಒಂದೊಂದು ಸಲ ಕರೆದರು. ಅದಕ್ಕೆ ಮುಂಚೆ ಇಬ್ಬರ ಎದುರಲ್ಲೇ ನಿಯಮ ಹೇಳಿದ್ದರು: ಒಬ್ಬರೇ ಬಂದಾಗ ಹೇಳಿದ ಯಾವುದನ್ನು ಇನ್ನೊಬ್ಬರ ಮುಂದೆ ಎತ್ತಬಹುದು, ಯಾವುದನ್ನು ಎತ್ತುವುದಿಲ್ಲ ಅಂತ. ಒಂಟಿಯಾಗಿ ಮಾತಾಡುವುದೇ ತಪ್ಪಲ್ಲ ನೋಡಿ. ಗಾಟ್‌ಮನ್ ಪದ್ಧತಿಯಲ್ಲೂ ಮೊದಲು ಜೋಡಿಯಾಗಿ, ಆಮೇಲೆ ಒಬ್ಬೊಬ್ಬರಾಗಿ, ಮತ್ತೆ ಜೋಡಿಯಾಗಿ ಕೂರಿಸುತ್ತಾರೆ. ಎಲ್ಲ ಇರುವುದು ಆ ಅನುಕ್ರಮದಲ್ಲಿ.

ಕೆಲವು ವಾರ ಕಳೆದ ಮೇಲೆ ಅಮ್ಮನನ್ನೂ ಕರೆಸಿದರು. ಅಮ್ಮ ಒಳಗೆ ಬಂದವರೇ ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕೂತರು. ನಮಗ್ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಥೆರಪಿಸ್ಟ್ ಎದ್ದು, “ಅಮ್ಮ, ನೀವು ಇಲ್ಲಿ ನನ್ನ ಪಕ್ಕ ಬನ್ನಿ, ಅವರಿಬ್ಬರೂ ಮಾತಾಡೋದನ್ನ ನಾವಿಬ್ಬರೂ ಕೇಳೋಣ” ಅಂದರು. “ನಾನೇನು ಅಡ್ಡ ಕೂತಿದ್ದೀನಾ?” ಅಂತ ಅಮ್ಮನ ಕಣ್ಣು ತುಂಬಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, ಇವನಪ್ಪ ಹೋದ ಮೇಲೆ ನನ್ನ ಹತ್ತಿರ ಮಾತಾಡೋಕೆ ಇರೋನು ಇವನೊಬ್ಬನೇ ಅಂತ. ಅದನ್ನು ಕೇಳಿ ಮೊದಲು ಅವರ ಕೈ ಹಿಡಿದಿದ್ದು ನನ್ನ ಹೆಂಡತಿ.

ಕುರ್ಚಿ ಬದಲಿಸುವುದರ ಹಿಂದೆ ಶಾಸ್ತ್ರವೇ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸಾಲ್ವಡಾರ್ ಮಿನುಚಿನ್ ಕಟ್ಟಿದ ಸ್ಟ್ರಕ್ಚರಲ್ ಫ್ಯಾಮಿಲಿ ಥೆರಪಿ ಮನೆಯೊಳಗಿನ ಗಡಿಗಳನ್ನು ನೋಡುತ್ತದೆ, ಯಾರು ಯಾರ ನಡುವೆ ಬಂದಿದ್ದಾರೆ ಅಂತ. ಕುಟುಂಬ ಥೆರಪಿಯ ಇನ್ನೊಬ್ಬ ತಜ್ಞ ಮರ್ರೆ ಬೊವೆನ್ ಇದನ್ನು ತ್ರಿಕೋನ ಅಂದರು: ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತೇವೆ. ನಾನು ಮೊದಲು ಅಮ್ಮನನ್ನು ಎಳೆದುಕೊಂಡೆ, ಸಾಲದು ಅಂತ ಆ ಕೌನ್ಸೆಲರ್‌ರನ್ನೂ ಎಳೆದುಕೊಂಡೆ.

ಈಗ ಯಾವ ಪದ್ಧತಿ ಅನ್ನುವ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಆ ಪ್ರಶ್ನೆಯೇ ಈಗ ಬೇಡ. ಇಎಫ್‌ಟಿ 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ್ದು. ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುವುದು, ಆ ಸುತ್ತನ್ನು ಹಿಡಿದು ಅದರ ಕೆಳಗಿನ ಭಯವನ್ನು ಹೊರಗೆ ತೆಗೆಯುತ್ತಾರೆ. ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಗಂಡ ಹೆಂಡಿರ ಮಾತುಕತೆಯನ್ನೇ ವರ್ಷಗಟ್ಟಲೆ ಗಮನಿಸಿ, ತಿರಸ್ಕಾರ ಇಣುಕುವ ಮಾತು ಎಲ್ಲಕ್ಕಿಂತ ಅಪಾಯ ಅಂದರು. ಸಿಬಿಟಿ ಯೋಚನೆ ಮತ್ತು ನಡವಳಿಕೆಯ ಕಡೆಯಿಂದ ಬರುತ್ತದೆ. ಎಲ್ಲದರಲ್ಲೂ ಹುರುಳಿದೆ. ಆದರೆ ಒಬ್ಬರ ಪಕ್ಷದಲ್ಲಿ ಆಗಲೇ ಕೂತಿರುವ ಥೆರಪಿಸ್ಟ್ ಕೈಯಲ್ಲಿ ಯಾವುದೂ ನಡೆಯುವುದಿಲ್ಲ. ನೀವು ಕೇಳಬೇಕಾದ್ದು ಬೇರೆ: ಇವರು ಜೋಡಿಗಳ ಜೊತೆ ಕೆಲಸ ಮಾಡಿ ಅನುಭವ ಇರುವವರೇ, ನಿಮ್ಮ ಹೆಂಡತಿಗೆ ಅಳು ಬರುವ ಭಾಷೆಯಲ್ಲಿ ಮಾತಾಡುತ್ತಾರೆಯೇ. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಶುರು ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮವಳು ಮೊದಲ ಸಲ ಬಾಯಿ ಬಿಟ್ಟಿದ್ದು ಥೆರಪಿಸ್ಟ್ “ಹೇಳಿ, ನಿಮಗೆ ಏನ್ ಬೇಜಾರು?” ಅಂದಾಗ.

ಒಂದು ವಿಷಯದಲ್ಲಿ ಮಾತ್ರ ನಾನು ಹೇಳಿದ್ದೆಲ್ಲ ತಿರುಗಬೇಕು. ಮನೆಯಲ್ಲಿ ಕೈ ಎತ್ತುವುದು, ಹೆದರಿಸುವುದು ಇದ್ದರೆ ಜೋಡಿಯಾಗಿ ಕೂರುವುದು ಬೇಡ. ಏಟು ತಿನ್ನುವವರು ಅಲ್ಲಿ ನಿಜ ಹೇಳಿದರೆ ಮನೆಗೆ ಬಂದ ಮೇಲೆ ಅನುಭವಿಸಬೇಕಾಗುತ್ತದೆ. ಅವರು ಒಬ್ಬರೇ ಹೋಗಬೇಕು, ಮೊದಲು ಅವರ ಸುರಕ್ಷತೆ. ಮಹಿಳಾ ಸಹಾಯವಾಣಿ 181 ಇದೆ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪ್ರಶ್ನೆಯಲ್ಲಿ ಅಂಥದ್ದು ಕಾಣಲಿಲ್ಲ, ಆದರೂ ಹೇಳದೆ ಇರಲಾರೆ.

ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿ. ‘ನೀನು ಬದಲಾಗಬೇಕು’ ಅಂತಲ್ಲ, ‘ನನಗೆ ನಿನ್ನ ಜೊತೆ ಮಾತಾಡೋಕೆ ಬರ್ತಾ ಇಲ್ಲ, ಯಾರಾದರೂ ಸಹಾಯ ಮಾಡಲಿ’ ಅಂತ ನಿಮ್ಮ ಹೆಂಡತಿಯನ್ನು ಕೇಳಿ. ಇಬ್ಬರು ಮೂವರು ಥೆರಪಿಸ್ಟ್‌ಗಳ ಹೆಸರು ಮುಂದಿಡಿ, ಅವರೇ ಆರಿಸಲಿ. ಫೋನ್ ಮಾಡುವಾಗ ಅವರ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿ. ಯಾತಕ್ಕೆ ಬರುತ್ತಿದ್ದೀರಿ ಅಂತ ಆ ಕಡೆಯಿಂದ ಕೇಳಿದಾಗ ನೀವು ಸುಮ್ಮನಿರಿ, ಅವರು ಮೊದಲು ಹೇಳಲಿ.